ಗ್ರೀಕರಿಗೆ ಬಟ್ಟೆ ಉಡಿಸಿದ ಪಾಂಡವಪುರದ ಟೈಲರು

ಬೀಳ್ಕೊಡುಗೆಯ ದಿನ ನನ್ನನ್ನು ವೇದಿಕೆಯ ಮೇಲೆ ಕೂರಿಸಿ ಒಂದು ಶಾಲು ಹೊದಿಸಿದರು. ಹೊದಿಸಿದವರು ದೊಡ್ಡ ಮನುಷ್ಯರು, ಹೆಸರು ಬೇಡ. ಶಾಲಿನ ಒಂದು ತುದಿ ನನ್ನ ಕಿವಿಯ ಹತ್ತಿರ, ಇನ್ನೊಂದು ತುದಿ ನೆಲದ ಮೇಲೆ. ಇಪ್ಪತ್ತೆಂಟು ವರ್ಷ ನಾನು ಮಾಡಿದ ಕೆಲಸವೇ ಬಟ್ಟೆ ಹೊದಿಸುವುದು, ಸುತ್ತುವುದು, ಇಳಿಬಿಡುವುದು. ಕೈ ಸುಮ್ಮನಿರಲಿಲ್ಲ. ಎದ್ದು ನಿಂತು ಶಾಲು ತೆಗೆದು, ಒಮ್ಮೆ ಕೊಡವಿ, ಎಡ ಹೆಗಲಿನಿಂದ ಬೆನ್ನಿಗೆ ಬಿಟ್ಟು, ಬಲ ಕಂಕುಳ ಕೆಳಗಿನಿಂದ ಮುಂದಕ್ಕೆ ತಂದು, ಮತ್ತೆ ಎಡ ತೋಳಿನ ಮೇಲೆ ಹಾಕಿಕೊಂಡು ಕೂತೆ. ಜನ ಚಪ್ಪಾಳೆ ತಟ್ಟಿದರು. ಹೊದಿಸಿದವರ ಮುಖ ಮಾತ್ರ ಸಣ್ಣಗಾಯಿತು. ಭಾಷಣದಲ್ಲಿ ಅವರು ನನ್ನ ಹೆಸರನ್ನು ತಪ್ಪು ಹೇಳಿ ಸೇಡು ತೀರಿಸಿಕೊಂಡರು.

ನನ್ನ ಹೆಸರು ನಾಗರತ್ನ. ಹುಟ್ಟಿದ್ದು ನಾಗಮಂಗಲದ ಅಕ್ಕಸಾಲಿಗರ ಮನೆಯಲ್ಲಿ, ಸೇರಿದ್ದು ಪಾಂಡವಪುರಕ್ಕೆ, ದುಡಿದದ್ದು ಶ್ರೀರಂಗಪಟ್ಟಣದ ಒಂದು ನಾಟಕ ತಂಡದಲ್ಲಿ. ನಮ್ಮ ತಂಡ ವರ್ಷಕ್ಕೊಂದು ಗ್ರೀಕ್ ನಾಟಕ ಮಾಡುತ್ತಿತ್ತು. ಅದಕ್ಕೆ ವೇಷಭೂಷಣ ನನ್ನದು. ಈ ಕೆಲಸ ಕಲಿಯಬೇಕೆಂದು ಈಗ ಕೆಲವು ಹೆಣ್ಣುಮಕ್ಕಳು ಮನೆಗೆ ಬರುತ್ತಾರೆ, ನೋಟ್ ಪುಸ್ತಕ ತೆರೆದು "ಮೊದಲು ಏನು ಕಲೀಬೇಕು ಮೇಡಂ" ಎನ್ನುತ್ತಾರೆ. ಮೊದಲು ಕತ್ತರಿಯನ್ನು ಮರೆಯಬೇಕು ಎಂದರೆ ನಗುತ್ತಾರೆ. ನಾನೂ ಹೀಗೆಯೇ ನಕ್ಕಿದ್ದೆ. ಆಮೇಲೆ ಏನಾಯಿತೆಂದು ಅವರಿಗಾಗಿ ಬರೆಯುತ್ತಿದ್ದೇನೆ.

ಪಾಂಡವಪುರದಲ್ಲಿ ಬಸ್ ನಿಲ್ದಾಣದ ಹಿಂದೆ ನನ್ನದೊಂದು ರವಿಕೆ ಹೊಲಿಯುವ ಅಂಗಡಿ ಇತ್ತು. ಒಂದು ದಿನ ಜುಬ್ಬಾ ಹಾಕಿದ, ಕೂದಲು ಕೆದರಿದ ಒಬ್ಬರು ಬಂದು ಒಂದು ಚಿತ್ರ ತೋರಿಸಿದರು. ಅಮೃತಶಿಲೆಯ ಹೆಂಗಸು, ಮೈತುಂಬ ನೆರಿಗೆ. "ಇಂಥವು ಹನ್ನೆರಡು ಬೇಕು" ಎಂದರು. ಅವರೇ ಕಪನಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಾ, ಉಳಿದ ಹೊತ್ತಿನಲ್ಲಿ ನಾಟಕ ನಿರ್ದೇಶಿಸುತ್ತಿದ್ದರು. ಮುಂದೆ ಇಪ್ಪತ್ತೆಂಟು ವರ್ಷ ನನ್ನ ಮೇಲಧಿಕಾರಿ ಎಂದರೆ ಅವರೊಬ್ಬರೇ.

ನಾನು ಒಂದು ವಾರ ಕೂತು ಹೊಲಿದೆ. ಎಂಥ ಹೊಲಿಗೆ ಎನ್ನುತ್ತೀರಿ! ಚಿತ್ರದಲ್ಲಿ ಕಂಡ ಒಂದೊಂದು ನೆರಿಗೆಯನ್ನೂ ಮಡಿಸಿ, ಮಿಷಿನ್ ಓಡಿಸಿ, ಇಸ್ತ್ರಿ ಒತ್ತಿದೆ. ಎದೆಗೆ ಡಾಟು, ಬೆನ್ನಿಗೆ ಜಿಪ್ಪು, ಕೆಳಗೆ ಫಾಲ್. ಹನ್ನೆರಡನ್ನೂ ಹೊತ್ತುಕೊಂಡು ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದೆ. ನಟಿಯರು ಹಾಕಿಕೊಂಡು ಸಾಲಾಗಿ ನಿಂತರು. ಮೇಷ್ಟ್ರು ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಾಡಿದರು.

"ನಾಗರತ್ನಮ್ಮ, ತುಂಬಾ ಚೆನ್ನಾಗಿ ಹೊಲಿದಿದ್ದೀರಿ. ಆದರೆ ಕಲ್ಲಿನ ದೇವತೆಗೆ ಸ್ಕೂಲ್ ಯೂನಿಫಾರಂ ಹೊಲಿದುಬಿಟ್ಟಿದ್ದೀರಲ್ಲ! ಬೆಲ್ ಹೊಡೆದರೆ ಇವರೆಲ್ಲ ಕ್ಲಾಸಿಗೆ ಹೋಗಿಬಿಡ್ತಾರೆ."

ನಿಜವಾಗಿಯೂ ಹಾಗೆಯೇ ಕಾಣುತ್ತಿತ್ತು. ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದರೆ ಪ್ರಾರ್ಥನೆಗೆ ನಿಲ್ಲಿಸಬಹುದಿತ್ತು. ಗ್ರೀಕರು ಬಟ್ಟೆ ಹೊಲಿಯುತ್ತಲೇ ಇರಲಿಲ್ಲವಂತೆ, ಮಗ್ಗದಿಂದ ಇಳಿದ ಬಟ್ಟೆಯನ್ನು ಹಾಗೆಯೇ ಸುತ್ತಿಕೊಂಡು ಎರಡು ಹೆಗಲಿಗೂ ಪಿನ್ನು ಚುಚ್ಚಿ, ನಡುವಿಗೆ ದಾರ ಕಟ್ಟುತ್ತಿದ್ದರಂತೆ. ಅದಕ್ಕೆ ಕೈಟನ್ ಎಂದು ಹೆಸರು. ಅದರ ಮೇಲೆ ಹೊದೆಯುವ ದೊಡ್ಡ ಬಟ್ಟೆ ಹಿಮಾಟಿಯನ್. ಮೇಷ್ಟ್ರು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಗ್ರೀಕರ ಮೇಲಿನ ಕನಿಕರಕ್ಕಲ್ಲ, ಅಷ್ಟೂ ಹೊಲಿಗೆ ಬಿಚ್ಚಬೇಕಲ್ಲ ಎಂದು.

ಮನೆಯಲ್ಲಿ ಕೂತು ಹೊಲಿಗೆ ಬಿಚ್ಚುತ್ತಿದ್ದಾಗ ಅತ್ತೆ ಬಂದು ಕಾರಣ ಕೇಳಿದರು. ಹೇಳಿದೆ.

"ಒಲಿಯಂಗಿಲ್ಲ ಅಂದ್ಮ್ಯಾಲೆ ಟೈಲರ್ ಯಾಕವ್ವ ಬೇಕು ಅವ್ರಿಗೆ?" ಎಂದರು. "ನಮ್ಮಜ್ಜಿ ಮದ್ವೆ ಮನೇಲಿ ಎಣ್ಣಿಗೆ ಸೀರೆ ಉಡುಸ್ತಿದ್ಲು. ಅವ್ಳ್ನ ಯಾರೂ ಟೈಲರ್ ಅಂತಿರ್ನಿಲ್ಲ."

ನಾನು ಹೊಲಿಗೆ ಬಿಚ್ಚುತ್ತಾ ಹೋದೆ. ಬಟ್ಟೆ ತಾನಾಗಿ ಎಲ್ಲಿ ಬೀಳುತ್ತದೆ, ಎಲ್ಲಿ ಹಟ ಮಾಡುತ್ತದೆ ಎಂದು ತಿಳಿಯುವುದೇ ಕಸುಬು ಎಂದು ಅರ್ಥವಾಗಲು ನನಗೆ ಎರಡು ವರ್ಷ ಹಿಡಿಯಿತು. ಪಾಲಿಯೆಸ್ಟರು ಹಟಮಾರಿ, ಇಳಿಬಿಟ್ಟರೆ ಉಬ್ಬಿ ನಿಲ್ಲುತ್ತದೆ. ಹೊಸ ಖಾದಿ ಬಿಗುಮಾನದ ಬೀಗರ ಹಾಗೆ, ನಾಲ್ಕು ಸಲ ಒಗೆದ ಮೇಲೆ ದಾರಿಗೆ ಬರುತ್ತದೆ. ತೆಳು ಮಲ್ ಬಟ್ಟೆ ಹೇಳಿದ ಮಾತು ಕೇಳುತ್ತದೆ, ಆದರೆ ಒಳಗಿನದನ್ನೆಲ್ಲ ತೋರಿಸುತ್ತದೆ. ಇವನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಕೈಯಲ್ಲಿ ಹಿಡಿದು, ಎತ್ತಿ, ಬಿಟ್ಟು ನೋಡಬೇಕು.

ಪಿನ್ನುಗಳನ್ನು ಮಾಡಿಕೊಟ್ಟವರು ನಮ್ಮಪ್ಪ. ಚಿತ್ರ ನೋಡಿ ಹುರುಪಿನಿಂದ "ಚಿನ್ನದಾಗಾ, ಬೆಳ್ಳೀಲಾ?" ಎಂದರು. ಹಿತ್ತಾಳೆ ಎಂದದ್ದಕ್ಕೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಕೂತು, ಬಟ್ಟೆಯ ಒಂದು ಎಳೆಯೂ ಹರಿಯದ ಹಾಗೆ ಮೊನೆ ಉಜ್ಜಿ, ಇಪ್ಪತ್ತನಾಲ್ಕು ಪಿನ್ನು ಮಾಡಿದರು. "ಇತ್ತಾಳೆ ಅಂತ ಯಾರ್ಗೂ ಯೋಳ್ಬ್ಯಾಡ" ಎಂದರು. ಇವತ್ತು ಹೇಳಿಬಿಟ್ಟೆ, ಅಪ್ಪ ಕ್ಷಮಿಸಲಿ.

ಇನ್ನು ನೆರಿಗೆ. ಹೊಲಿಯದೆ, ಇಸ್ತ್ರಿ ಒತ್ತದೆ ಅಷ್ಟು ಸಣ್ಣ ನೆರಿಗೆ ಬರುವುದು ಹೇಗೆ? ದಾರಿ ಸಿಕ್ಕಿದ್ದು ಕಾವೇರಿಯ ಸೋಪಾನಕಟ್ಟೆಯಲ್ಲಿ, ಬಟ್ಟೆ ಒಗೆಯುವವರನ್ನು ನೋಡಿ. ಒದ್ದೆ ಬಟ್ಟೆಯನ್ನು ಉದ್ದಕ್ಕೆ ನೆರಿಗೆ ಹಿಡಿದು, ಇಬ್ಬರು ಎರಡು ತುದಿಗೆ ನಿಂತು ಎದುರುಬದುರು ದಿಕ್ಕಿಗೆ ಹಿಂಡುತ್ತಾ ಹೋದರೆ ಬಟ್ಟೆ ಹುರಿಗೊಂಡು ಹಗ್ಗವಾಗುತ್ತದೆ. ಅದನ್ನು ಸುರುಳಿ ಸುತ್ತಿ ಕಟ್ಟಿ, ಎರಡು ದಿನ ಬಿಸಿಲಿಗೆ ಇಟ್ಟು ಬಿಚ್ಚಿದರೆ ಮೈತುಂಬ ಸಣ್ಣ ಸಣ್ಣ ಸುಕ್ಕು. ಆ ಶಿಲೆಯ ಹೆಂಗಸಿನದೇ ನೆರಿಗೆ!

ಮೊದಲ ಸಲ ಹಿಂಡಲು ನಾನು ಮತ್ತು ತಂಡದ ಇಬ್ಬರು ನಟಿಯರು ಹೋದದ್ದು ಪಶ್ಚಿಮವಾಹಿನಿಗೆ. ಅಲ್ಲಿಗೆ ಜನ ಅಸ್ಥಿ ಬಿಡಲು ಬರುತ್ತಾರೆ ಎಂಬುದು ಗೊತ್ತಿದ್ದೂ ನಾವು ಯೋಚಿಸಲಿಲ್ಲ. ನೀರು ಚೆನ್ನಾಗಿತ್ತು, ಬಿಸಿಲು ಚೆನ್ನಾಗಿತ್ತು. ಹನ್ನೆರಡು ಬಿಳಿ ಬಟ್ಟೆಗಳನ್ನು ಮೆಟ್ಟಿಲ ಮೇಲೆ ಹರವಿ ಕೂತೆವು. ಸ್ವಲ್ಪ ಹೊತ್ತಿಗೆ ತಲೆ ಬೋಳಿಸಿದ ಒಬ್ಬ ಹಿರಿಯರು ಹತ್ತಿರ ಬಂದರು.

"ಪಂಚೆ ಎಂಗವ್ವ ಜೊತೆ?"

"ಮಾರಕ್ಕಲ್ಲ ಯಜಮಾನ್ರೇ."

"ಅಂಗಾರೆ ದಾನಕ್ಕಾ?"

"ದಾನಕ್ಕೂ ಅಲ್ಲ. ಗ್ರೀಕರಿಗೆ."

ಅವರು ಬಟ್ಟೆಗಳನ್ನು ನೋಡಿದರು, ನಮ್ಮನ್ನು ನೋಡಿದರು. "ಅಯ್ಯೋ ಪಾಪ! ಅನ್ನೆರಡು ಜನವಾ? ಬಸ್ ಮಗುಚ್ತಾ?" ಎಂದು ಕೇಳಿ, ನಮ್ಮ ಉತ್ತರಕ್ಕೂ ಕಾಯದೆ ನದಿಯ ಕಡೆ ಕೈ ಮುಗಿದು ಹೋದರು. ಪರದೇಶದಲ್ಲಿ ಸತ್ತ ಆ ಹನ್ನೆರಡು ಗ್ರೀಕರಿಗೆ ಅವತ್ತು ಕಾವೇರಿಯಲ್ಲಿ ಮೋಕ್ಷ ಸಿಕ್ಕಿತು.

ನಾವು ನಕ್ಕೆವು, ಆದರೆ ಸಂಗತಿ ನಗುವಿನಲ್ಲಿ ಮುಗಿಯಲಿಲ್ಲ. ಸುದ್ದಿ ತಂಡಕ್ಕೆ ಮುಟ್ಟಿತು. ಬಟ್ಟೆ ಒಣಗಿ ಸುರುಳಿ ಬಿಚ್ಚಿದ ದಿನ ಅರ್ಧ ನಟಿಯರು ಅದನ್ನು ಮುಟ್ಟಲಿಲ್ಲ. "ಎಣದ ಬಟ್ಟೆ ನಾವು ಉಡಾಕಿಲ್ಲ" ಎಂದರು. ಮೇಷ್ಟ್ರು ಗ್ರೀಕ್ ನಾಗರಿಕತೆಯ ಮೇಲೆ ಮುಕ್ಕಾಲು ಗಂಟೆ ಪಾಠ ಹೇಳಿದರು, ಯಾರೂ ಅಲುಗಲಿಲ್ಲ. ನಾನು ಪಕ್ಕದ ಮನೆಯಿಂದ ಒಂದು ಬಟ್ಟಲು ಅರಿಸಿನ ತಂದು ಕಲೆಸಿ, ಪ್ರತಿ ಬಟ್ಟೆಯ ಮೂಲೆಗೂ ಬೆರಳಿನಿಂದ ಹಚ್ಚಿದೆ. ಹೊಸ ಬಟ್ಟೆಗೆ ಮನೆಯಲ್ಲಿ ಹಚ್ಚುತ್ತೇವಲ್ಲ, ಹಾಗೆ. ಐದು ನಿಮಿಷದಲ್ಲಿ ಎಲ್ಲರೂ ಉಟ್ಟು ನಿಂತರು. ಮೇಷ್ಟ್ರು ಮುನಿಸಿಕೊಂಡು, "ಗ್ರೀಸಿನಲ್ಲಿ ಅರಿಸಿನ ಎಲ್ಲಿತ್ತಮ್ಮ?" ಎಂದರು. ಗ್ರೀಕರೂ ಬಟ್ಟೆಗೆ ಬಣ್ಣ ಹಾಕುತ್ತಿದ್ದರು, ಶಿಲೆಗಳ ಬಣ್ಣ ಅಳಿಸಿಹೋಗಿ ನಮಗೆ ಬಿಳಿ ಕಾಣುತ್ತಿದೆ ಅಷ್ಟೆ ಎಂದು ಅವರೇ ಓದಿಕೊಂಡು ಬಂದು ಹೇಳಿದ್ದು ಎರಡು ವರ್ಷದ ಮೇಲೆ. ತಪ್ಪಾಯಿತು ಅನ್ನಲಿಲ್ಲ. ಮೇಲಧಿಕಾರಿಗಳು ಅನ್ನುವುದಿಲ್ಲ, ನೀವೂ ಕಾಯಬೇಡಿ.

ಈಗ ಬೋರೇಗೌಡರ ವಿಷಯ. ಇವರದು ಬೂಕನಕೆರೆ. ಎಮ್ಮೆ, ಹಸು ಕಟ್ಟಿ ಡೈರಿಗೆ ಹಾಲು ಹಾಕುವವರು, ಊರೂರಿನ ಪೌರಾಣಿಕ ನಾಟಕಗಳಲ್ಲಿ ರಾಜಪಾರ್ಟು ಮಾಡಿ ಹೆಸರಾದವರು. ದನಿ ಎತ್ತಿದರೆ ಮೈಕು ಬೇಡ. ಒಂದು ವರ್ಷದ ನಾಟಕದಲ್ಲಿ ಗ್ರೀಕ್ ದೊರೆಯ ಪಾತ್ರಕ್ಕೆ ಇವರೇ ಆಗಬೇಕೆಂದು ಮೇಷ್ಟ್ರು ಹಿಡಿದು ತಂದಿದ್ದರು. ಗೌಡರು ಒಪ್ಪಿದ್ದೂ ಆಯಿತು. ಆಮೇಲೆ ವೇಷ ನೋಡಿದರು.

"ಕಿರೀಟ ಎಲ್ಲವ್ವ?"

"ಕಿರೀಟ ಇಲ್ಲ ಗೌಡ್ರೇ."

"ಭುಜಕೀರ್ತಿ?"

"ಅದೂ ಇಲ್ಲ."

"ವೆಲ್ವೆಟ್ ಕೋಟು, ಜರಿ, ಮಣಿ ಏನಾದ್ರೂ?"

"ಒಂದು ಕೈಟನ್, ಒಂದು ಹಿಮಾಟಿಯನ್."

"ಕೈಟಣ್ಣ, ಎಮ್ಮಾಟಿ." ಅವರ ಬಾಯಲ್ಲಿ ಅವು ಕೊನೆಯವರೆಗೂ ಹಾಗೆಯೇ ಉಳಿದವು. "ನಾಗವ್ವ, ರಾಜ ಅಂದ್ರೆ ಮಿಣಮಿಣ ಅನ್ಬೇಕು ಕಣವ್ವ. ಇದ ಸುತ್ಕೊಂಡು ಓದ್ರೆ ನಮ್ಮೂರೋರು, ಗೌಡ ಸ್ನಾನ ಮಾಡ್ತಿದ್ದೋನು ಅಂಗೇ ಎದ್ಬಂದ್ಬುಟ್ಟ ಅಂತಾರೆ."

ಮೊದಲ ಪ್ರದರ್ಶನ ಕೆ.ಆರ್. ಪೇಟೆಯಲ್ಲಿ, ಬಯಲಿನಲ್ಲಿ, ಸಂಜೆ ಐದಕ್ಕೆ. ಬೂಕನಕೆರೆಯಿಂದ ಎರಡು ಟ್ರಾಕ್ಟರು ಜನ ಬಂದಿದ್ದರು. ಮೈಸೂರಿನಿಂದ ಒಬ್ಬ ಪ್ರೊಫೆಸರು ಅತಿಥಿಯಾಗಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಗೌಡರು ಇನ್ನೇನು ರಂಗಕ್ಕೆ ಹೋಗಬೇಕು, ಚೀಲದಿಂದ ಒಂದು ಕಿರೀಟ ತೆಗೆದರು. ಮನೆಯಿಂದಲೇ ತಂದಿದ್ದರು! ನಾನು ಕಿತ್ತುಕೊಂಡೆ, ಅವರು ಎಳೆದರು. "ಕೊಡವ್ವ", "ಕೊಡಲ್ಲ". ಅಷ್ಟರಲ್ಲಿ ಹೊರಗೆ ಡೋಲು ಬಾರಿಸಿದರು. ಗೌಡರು ಬರಿತಲೆಯಲ್ಲಿ ಓಡಿದರು. ಕಿರೀಟ ಹಿಡಿದು ಗೆದ್ದ ಖುಷಿಯಲ್ಲಿ ನಾನು ಕೆಳಗೆ ನೋಡಿದೆ. ಅವರ ಬಲ ಹೆಗಲಿಗೆ ಚುಚ್ಚಬೇಕಾದ ಪಿನ್ನು ನನ್ನ ಇನ್ನೊಂದು ಕೈಯಲ್ಲಿತ್ತು.

ಹತ್ತು ನಿಮಿಷ ನಾನು ಪರದೆಯ ಸಂದಿಯಿಂದ ಆ ಹೆಗಲನ್ನೇ ನೋಡುತ್ತಾ ನಿಂತೆ. ಬಟ್ಟೆಯ ಬಲತುದಿ ಬರೀ ಮಡಿಕೆಯ ಬಲದಿಂದ ನಿಂತಿತ್ತು. ಮಕ್ಕಳನ್ನು ಕಳೆದುಕೊಂಡ ದೊರೆ ದೇವರಿಗೆ ಶಾಪ ಹಾಕುವ ಜಾಗ ಬಂತು. ಗೌಡರು ರಾಜಪಾರ್ಟಿನ ಅಭ್ಯಾಸದಂತೆ ಬಲಗೈ ಆಕಾಶಕ್ಕೆ ಎತ್ತಿದರು. ಹೆಗಲ ಬಟ್ಟೆ ಸರ್ರನೆ ಜಾರಿ ಸೊಂಟಕ್ಕೆ ಬಂತು.

ಒಳಗೆ ಏನೂ ಹಾಕಬೇಡಿ ಎಂದು ನೂರು ಸಲ ಹೇಳಿದ್ದೆ. ಗಾಳಿ ಚಳಿ ಎಂದು ಅವರು ಕದ್ದು ಒಂದು ಬನಿಯನ್ ಹಾಕಿದ್ದರು. ಪಶು ಆಹಾರ ಮಾರುವವರು ಬಿಟ್ಟಿ ಕೊಟ್ಟಿದ್ದ ಬನಿಯನ್. ಎದೆಯ ಮೇಲೆ ಕೆಚ್ಚಲು ತುಂಬಿದ ಒಂದು ಸೀಮೆಹಸು.

ಬೂಕನಕೆರೆಯ ಜನರ ಕಡೆಯಿಂದ "ಲೇ ಲೇ ಲೇ" ಎಂಬ ಸದ್ದು ಎದ್ದಿತು. ಇನ್ನೊಂದು ಕ್ಷಣವಾಗಿದ್ದರೆ ನಗು ಒಡೆದು ನಾಟಕ ಅಲ್ಲೇ ಸಾಯುತ್ತಿತ್ತು. ಗೌಡರು ಕೆಳಗೆ ನೋಡಲಿಲ್ಲ. ಎಡ ತೋಳಿನ ಮೇಲಿದ್ದ ಹಿಮಾಟಿಯನ್ನನ್ನು ಒಂದೇ ಸೆಳೆತಕ್ಕೆ ಎಳೆದು, ತಲೆಯ ಮೇಲೆ ಹಾಕಿ, ಮುಖ ಮರೆಯಾಗುವ ಹಾಗೆ ಮುಸುಕು ಎಳೆದುಕೊಂಡು, ಎದೆಯ ಮೇಲೆ ಬಿಗಿಯಾಗಿ ಸುತ್ತಿ, ಕುಕ್ಕರುಗಾಲಿನಲ್ಲಿ ಕೂತರು. ಶಾಪದ ಉಳಿದ ಮಾತುಗಳನ್ನು ಆ ಮುಸುಕಿನ ಒಳಗಿನಿಂದ, ಕೂಗದೆ, ಗದ್ಗದವಾಗಿ ಹೇಳಿದರು. ಟ್ರಾಕ್ಟರಿನಲ್ಲಿ ಬಂದ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಾಟಕ ಮುಗಿದ ಮೇಲೆ ಪ್ರೊಫೆಸರು ನೇರ ಒಳಗೆ ಬಂದರು. "ಅದ್ಭುತ! ದುಃಖ ತಡೆಯಲಾರದೆ ತಲೆಗೆ ಮುಸುಕು ಎಳೆದುಕೊಳ್ಳುವುದು ಅಪ್ಪಟ ಗ್ರೀಕ್ ಭಂಗಿ. ಇದನ್ನು ಎಲ್ಲಿ ಅಧ್ಯಯನ ಮಾಡಿದಿರಿ?"

ಕಪನಯ್ಯ ಮೇಷ್ಟ್ರು ಕಣ್ಣು ಅರ್ಧ ಮುಚ್ಚಿ, "ಬಹಳ ವರ್ಷಗಳ ಚಿಂತನೆ ಸಾರ್" ಎಂದರು.

ಗೌಡರು, "ಅಂಗೇನಿಲ್ಲ ಬುಡಿ ಬುದ್ಧಿ. ಮಳೇಲಿ ಎಮ್ಮೆ ಮೇಯುಸ್ವಾಗ ಕಂಬ್ಳಿ ಕೊಪ್ಪೆ ತಲೆಗಾಕಂಡು ಇಂಗೇ..." ಎಂದು ಶುರು ಮಾಡಿದರು. ಮೇಷ್ಟ್ರು ಅವರ ಕಾಲು ತುಳಿದರು. ಬರಿಗಾಲು, ಪಾಪ. ಗ್ರೀಕರಿಗೆ ನಾನು ಚಪ್ಪಲಿ ಕೊಟ್ಟಿರಲಿಲ್ಲ.

ಪ್ರೊಫೆಸರು ಹೋದ ಮೇಲೆ ನಾನು ಪಿನ್ನು ಹಿಡಿದು ಮೇಷ್ಟ್ರ ಮುಂದೆ ನಿಂತೆ. ಕೆಲಸ ಬಿಡಲು ಸಿದ್ಧಳಾಗಿದ್ದೆ. ತಪ್ಪು ನನ್ನದು ಎಂದೆ. ಅವರು ಪಿನ್ನು ನೋಡಿದರು, ಬನಿಯನ್ ಬಿಚ್ಚುತ್ತಿದ್ದ ಗೌಡರನ್ನು ನೋಡಿದರು. "ನಾಳೆಯಿಂದ ಆ ಪಿನ್ನು ಹಾಕಲೇಬೇಡಿ" ಎಂದರು. "ಬನಿಯನ್ ಮಾತ್ರ ಬೇಡ." ಆ ನಾಟಕದ ನಲವತ್ತಕ್ಕೂ ಹೆಚ್ಚು ಪ್ರದರ್ಶನಗಳಲ್ಲಿ ಪ್ರತಿ ಸಂಜೆಯೂ ನಾನು ಲೆಕ್ಕ ಹಾಕಿ, ಶ್ರದ್ಧೆಯಿಂದ, ಅದೇ ತಪ್ಪನ್ನು ಮಾಡಿದೆ. ನನ್ನ ಕೆಲಸಕ್ಕೆ ಬಂದ ಹೊಗಳಿಕೆಯಲ್ಲಿ ದೊಡ್ಡ ಪಾಲು ಆ ತಪ್ಪಿನದು.

ಕಾಲ ಬದಲಾಯಿತು. ಈಗ ಮಿಷಿನ್ನಿನಲ್ಲಿ ನೆರಿಗೆ ಒತ್ತಿದ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಗೆದರೂ ನೆರಿಗೆ ಹೋಗುವುದಿಲ್ಲ, ನದಿಗೆ ಹೋಗಬೇಕಿಲ್ಲ. ಪಿನ್ನಿನ ಬದಲು ಒತ್ತಿದರೆ ಅಂಟುವ ಪಟ್ಟಿ ಬಂದಿದೆ. ನಾನು ಅದನ್ನು ಬೈಯುವುದಿಲ್ಲ, ಬಳಸಿದ್ದೇನೆ ಕೂಡ. ಆದರೆ ದೊರೆ ಮಗನ ಹೆಣದ ಮುಂದೆ ನಿಂತಾಗ ಹೆಗಲ ಮೇಲೆ ಆ ಪಟ್ಟಿ ಪರ್ರ್ ಎಂದು ಬಿಟ್ಟುಕೊಂಡರೆ ಯಾವ ಪ್ರೊಫೆಸರೂ ಕಾಪಾಡಲಾರ.

ನನ್ನ ಕೊನೆಯ ಕೆಲಸ ಅಕ್ಕಿಹೆಬ್ಬಾಳಿನ ಹೆಂಗಸರದು. ಅಲ್ಲಿನ ಮಹಿಳಾ ಸಂಘದ ಹದಿಮೂರು ಜನ ಸೇರಿ ನಾಟಕ ಮಾಡುತ್ತೇವೆ ಎಂದು ಮೇಷ್ಟ್ರನ್ನು ಹಿಡಿದರು. ಹನ್ನೆರಡು ಜನ ಮೇಳ, ಒಬ್ಬಳು ರಾಣಿ, ದೊರೆ ಮಾತ್ರ ನಮ್ಮ ತಂಡದ ಒಬ್ಬ ಹುಡುಗ. ಯುದ್ಧಕ್ಕೆಂದು ಮನೆ ಬಿಟ್ಟು ವರ್ಷಗಟ್ಟಲೆ ಬಾರದ ಗಂಡನನ್ನು ರಾಣಿ ಬಾಗಿಲಲ್ಲೇ ನಿಲ್ಲಿಸಿ ಜಾಡಿಸುವ ನಾಟಕ. ಗ್ರೀಕರ ಹಾಗೆ ಎಲ್ಲರಿಗೂ ಮುಖವಾಡ. ಆದರೆ ಅವರದೊಂದು ಷರತ್ತು: ಸೀರೆ ಬಿಚ್ಚುವುದಿಲ್ಲ. ನಾನು ಯೋಚನೆ ಮಾಡಿ, ಸಂಘದವರೆಲ್ಲ ಒಂದೇ ಥರ ಉಡುವ ಆ ಬೂದುನೀಲಿ ಸೀರೆಯಲ್ಲೇ ಕೈಟನ್ ಮಾಡಿದೆ. ಸೆರಗನ್ನು ಉದ್ದ ಬಿಟ್ಟು, ಬೆನ್ನಿನಿಂದ ತಂದು ಎರಡು ಹೆಗಲಿಗೂ ಪಿನ್ನು, ಎದೆಯ ಕೆಳಗೆ ಒಂದು ದಾರ. ಹಾಕಲು ಒಂದು ನಿಮಿಷ, ಬಿಚ್ಚಲು ಹತ್ತು ಎಣಿಸುವಷ್ಟು ಹೊತ್ತು.

ರಾಣಿ ಪಾರ್ಟು ಚಿಕ್ಕತಾಯಮ್ಮನದು. ರಿಹರ್ಸಲ್ಲಿಗೆ ಬರುವಾಗಲೆಲ್ಲ ಮನೆಯಲ್ಲಿ ಸಂಘದ ಮೀಟಿಂಗು ಎಂದು ಹೇಳಿ ಬರುತ್ತಿದ್ದಳು. ಗಂಡ ನಿಂಗೇಗೌಡರು, "ಸ್ಟೇಜ್ ಅತ್ತಿದ್ರೆ ಮನೆ ಬಾಗ್ಲು ತುಳೀಬ್ಯಾಡ" ಎಂದು ಖಡಾಖಂಡಿತ ಹೇಳಿದ್ದರು. ಬೇರೆಯವಳನ್ನು ಹಾಕೋಣ ಎಂದು ನಾನೇ ಒಮ್ಮೆ ಮೇಷ್ಟ್ರಿಗೆ ಹೇಳಿದೆ. ಚಿಕ್ಕತಾಯಮ್ಮ ನನ್ನ ಕೈ ಹಿಡಿದು, "ಅಕ್ಕಾ, ಇದೊಂದ್ನ ನನ್ನಿಂದ ಕಿತ್ಕಬ್ಯಾಡ" ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ನಾಗಮಂಗಲದಲ್ಲಿ ಪ್ರದರ್ಶನ. ಶಾಲೆಯ ಒಂದು ಕೊಠಡಿಯಲ್ಲಿ ನಾವು ವೇಷ ಹಾಕುತ್ತಿದ್ದೆವು. ಹೊರಗೆ ಗಾಡಿ ನಿಂತ ಸದ್ದಾಯಿತು. ಕಿಟಕಿಯಿಂದ ನೋಡಿದವಳೊಬ್ಬಳು, "ತಾಯಮ್ಮಾ, ನಿನ್ನ ಗಂಡ!" ಎಂದಳು. ಯಾರೋ ಹೇಳಿಬಿಟ್ಟಿದ್ದರು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಒಳಗೆ ಹೆಂಗಸರಿದ್ದಾರೆ, ನಿಲ್ಲಿ ಗೌಡ್ರೇ."

"ನನ್ನೆಡ್ತಿನೂ ಎಂಗ್ಸೇಯ. ಅವ್ಳ್ನೇ ನೋಡಕ್ಬಂದಿರಾದು, ಸರೀರಿ."

ಸರಿದೆ. ರಾಣಿ ಇರಲಿಲ್ಲ. ಎರಡು ಪಿನ್ನು ಕಿತ್ತು, ದಾರ ಜಾರಿಸಿ, ತಲೆ ತುಂಬ ಸೆರಗು ಹೊದ್ದ ಚಿಕ್ಕತಾಯಮ್ಮ ಮೂಲೆಯಲ್ಲಿ ಕೂತು ಯಾವುದೋ ಬಟ್ಟೆ ಮಡಿಸುತ್ತಿದ್ದಳು. ಮುಖವಾಡದ ಮೇಲೆ ಕೂತಿದ್ದಳು.

"ಏನ್ಮಾಡ್ತಿದ್ದೀಯಮ್ಮಿ ಇಲ್ಲಿ?"

"ಬಟ್ಟೆ ಮಡುಸ್ತಾವ್ನಿ. ಕಾಣಾಕಿಲ್ವಾ?"

"ಪಾರ್ಟು ಮಾಡ್ತೀಯಂತೆ?"

"ಈ ಸಂಘದ್ ಸೀರೇಲಾ?"

ನಿಂಗೇಗೌಡರು ಸೀರೆ ನೋಡಿದರು. ಕೊಠಡಿಯಲ್ಲಿದ್ದ ಎಲ್ಲರನ್ನೂ ನೋಡಿದರು. ಹೊರಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತುಬಿಟ್ಟರು. ಅವಸರದಲ್ಲಿ ಅವಳಿಗೆ ಮತ್ತೆ ಪಿನ್ನು ಹಾಕಲು ಹೋಗಿ ನನ್ನ ಬೆರಳಿಗೇ ಚುಚ್ಚಿಕೊಂಡೆ. ಚಿಕ್ಕತಾಯಮ್ಮ ಮುಖವಾಡ ಕಟ್ಟಿಕೊಂಡು ಹೋದಳು. ಬಾಗಿಲಲ್ಲಿ ನಿಂತು ದೊರೆಯನ್ನು ಜಾಡಿಸಿದಳು ನೋಡಿ! ದೊರೆ ಪಾರ್ಟಿನವನು ನಿಜವಾಗಿ ಒಂದು ಹೆಜ್ಜೆ ಹಿಂದೆ ಸರಿದ.

ನಾಟಕ ಮುಗಿಯಿತು. ನಿಂಗೇಗೌಡರು ಮತ್ತೆ ಕೊಠಡಿಗೆ ಬರುವ ಹೊತ್ತಿಗೆ ಅವಳು ಮತ್ತೆ ಸೆರಗು ಹೊದ್ದು ಬಟ್ಟೆ ಮಡಿಸುತ್ತಿದ್ದಳು. ಅದೇ ಬಟ್ಟೆ, ಎರಡನೆಯ ಸಲ.

"ಆ ರಾಣಿ ಮಾಡ್ದೋರು ಯಾರವ್ವ?" ನನ್ನನ್ನು ಕೇಳಿದರು.

"ಮೈಸೂರಿಂದ ಕರೆಸಿದ್ವಿ ಗೌಡ್ರೇ."

"ಓಹೋ. ಮೈಸೂರೋರು." ಅವರು ಬೆಂಚಿನ ಮೇಲೆ ನಿಧಾನವಾಗಿ ಕೂತರು. "ಮೂವತ್ತು ವರ್ಸದಿಂದ ಬೈಸ್ಕತಾ ಇವ್ನಿ ಕಣವ್ವ. ಮೊಕ ಮುಚ್ಚುದ್ರೆ ಗಂಟ್ಲೂ ಮುಚ್ಚೋಯ್ತದಾ?"

ಚಿಕ್ಕತಾಯಮ್ಮ ಮಡಿಸುವುದನ್ನು ನಿಲ್ಲಿಸಿದಳು.

"ಎಲ್ಲಾ ಸರಿಯಾಗಿತ್ತು," ಎಂದರು ನಿಂಗೇಗೌಡರು ಹೆಂಡತಿಯ ಕಡೆ ತಿರುಗಿ. "ಕೊನೇ ಮಾತ್ನ ಮಾತ್ರ ಅವಸ್ರ ಮಾಡ್ಬುಟ್ಟೆ. ಮನೇಲಿ ಇನ್ನೂ ನಿಧಾನವಾಗಿ ಬೈತೀಯ, ಎದೆಗೆ ನಾಟ್ತದೆ."

ಅವಳು ತಲೆ ಎತ್ತಲಿಲ್ಲ. ಹೆಗಲು ಮಾತ್ರ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಸೆರಗಿನ ಕೆಳಗೆ ತಿಳಿಯಲಿಲ್ಲ.

ಮುಂದಿನ ಪ್ರದರ್ಶನ ಪಾಂಡವಪುರದಲ್ಲಿತ್ತು. ಅವಳು ಆ ಕೊನೆಯ ಮಾತನ್ನು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು. ಮುಂದಿನ ಸಾಲಿನಲ್ಲಿ ನಿಂಗೇಗೌಡರು ಪಕ್ಕದವನ ಕಡೆ ಬಾಗಿ, "ಈಗ್ ಸರೋಯ್ತು" ಎಂದರು.